ಓಡಿ ಬಂದು ಗುರಿ ಇಡುವವರ ಹಿಂದೆ ಒಂದು ಚಳಿಗಾಲ

"ಓಡಿ ಬಂದು ಹೊಡೆಯೋದಾ? ಯಾಕೆ, ಹಂದಿ ಅಟ್ಟಿಸ್ಕೊಂಡು ಬಂತಾ?"

ಬಯಾಥ್ಲಾನ್ ಅಂದರೆ ಏನು ಅಂತ ಫೋನಿನಲ್ಲಿ ವಿವರಿಸಿದಾಗ ಅಪ್ಪ ಕೇಳಿದ ಪ್ರಶ್ನೆ ಇದು. (ಮನೆಯಲ್ಲಿ ನಾವು ಮಾತಾಡೋದು ಕೊಡವ ತಕ್ಕ್. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪನ ತಮಾಷೆ ಅರ್ಧ ಸೋರಿ ಹೋಗಿರುತ್ತೆ.) ಅಪ್ಪನ ಪ್ರಕಾರ ಕೋವಿ ಹಿಡಿದವರು ಮಾಡಬೇಕಾದ ಮೊದಲ ಕೆಲಸ ಸುಮ್ಮನೆ ನಿಲ್ಲೋದು. ಉಸಿರು ತಗ್ಗಬೇಕು, ಭುಜ ಇಳಿಯಬೇಕು, ಬೆರಳು ಆಮೇಲೆ. ಕಿಲೋಮೀಟರ್‌ಗಟ್ಟಲೆ ಹಿಮದ ಮೇಲೆ ಸ್ಕೀ ಮಾಡಿ, ಏದುಸಿರು ಬಿಡುತ್ತಾ ಬಂದು ಗುರಿ ಇಡೋದು ಬುದ್ಧಿ ಇರುವವರ ಕೆಲಸ ಅಲ್ಲ.

ನಿಜ ಹೇಳಬೇಕಂದರೆ 2024ರ ನವೆಂಬರ್‌ವರೆಗೆ ನನಗೂ ಹಾಗೇ ಅನಿಸುತ್ತಿತ್ತು.

ನಮ್ಮೂರಲ್ಲಿ ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಪೂಜೆ ಮಾಡುತ್ತೇವೆ. ಕಡಂಬುಟ್ಟು, ಪಂದಿ ಕರಿ ಊಟ ಆದ ಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ. ಹುಡುಗಿಯರಿಗೂ ಸರದಿ ಬರುತ್ತೆ. ಹದಿನಾರನೇ ವಯಸ್ಸಿಗೆ ಒಂದೇ ಗುಂಡಿಗೆ ಕಾಯಿ ಒಡೆದವಳು ನಾನು. ಆ ಹೆಮ್ಮೆಯನ್ನು ಮ್ಯೂನಿಕ್‌ವರೆಗೂ ಹೊತ್ತು ತಂದಿದ್ದೆ. ಆಫೀಸಿನಲ್ಲಿ ಯಾರಾದರೂ ಶೂಟಿಂಗ್ ಅಂದರೆ ಸಾಕು, ತೆಂಗಿನಕಾಯಿ ಕಥೆ ಶುರು.

ನಮ್ಮ ಟೀಮಿನ ಬವೇರಿಯಾದ ಗೆಳತಿ ಅದನ್ನು ನಾಲ್ಕನೇ ಸಲ ಕೇಳಿದ ಮೇಲೆ, "ಶನಿವಾರ ನಮ್ಮ ಮನೆಗೆ ಬಾ, ನಿನಗೊಂದು ತೋರಿಸ್ತೀನಿ" ಅಂದಳು. ಜರ್ಮನಿಯಲ್ಲಿ ಚಳಿಗಾಲದ ವಾರಾಂತ್ಯ ಅಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಟಿ.ವಿ.ಯಲ್ಲಿ ಹಿಮದ ಆಟಗಳು. ನಮ್ಮಲ್ಲಿ ಟೆಸ್ಟ್ ಮ್ಯಾಚ್ ಹಾಕಿಟ್ಟು ಮನೆಕೆಲಸ ಮಾಡುತ್ತಾರಲ್ಲ, ಹಾಗೆ. ನವೆಂಬರ್ 30ಕ್ಕೆ ಫಿನ್‌ಲೆಂಡಿನ ಕೊಂಟಿಯೊಲಾಹ್ತಿಯಲ್ಲಿ ಬಯಾಥ್ಲಾನ್ ವರ್ಲ್ಡ್ ಕಪ್ (ಚಳಿಗಾಲವಿಡೀ ಊರಿಂದ ಊರಿಗೆ ಸಾಗುವ ರೇಸ್‌ಗಳ ಸರಣಿ) ಶುರುವಾಯಿತು. ಮಧ್ಯಾಹ್ನಕ್ಕೇ ಅಲ್ಲಿ ಕತ್ತಲೆ, ದೀಪದ ಕೆಳಗೆ ರೇಸ್.

ಮೊದಲ ಹತ್ತು ನಿಮಿಷ ನಾನು ನೋಡಿದ್ದು ಗುರಿಯನ್ನು ಮಾತ್ರ. ದೂರ 50 ಮೀಟರ್. ಬಂದೂಕು .22. ಅಯ್ಯೋ, ಇದು ನಮ್ಮೂರ ಪಂದ್ಯದ ಬಂದೂಕೇ! ಸಾಲಾಗಿ ಐದು ಕಪ್ಪು ಚುಕ್ಕಿ. ತಾಗಿದರೆ ಕಪ್ಪು ಮುಚ್ಚಿ ಬಿಳಿ ಆಗುತ್ತೆ. ನಿಂತು ಹೊಡೆಯುವಾಗ ಗುರಿಯ ಅಗಲ 115 ಮಿಲಿಮೀಟರ್, ಅಂದರೆ ಸುಲಿದ ತೆಂಗಿನಕಾಯಿಯಷ್ಟು. ಮಲಗಿ ಹೊಡೆಯುವಾಗ 45 ಮಿಲಿಮೀಟರ್, ಒಂದು ನಿಂಬೆಹಣ್ಣು. ಕಣ್ಣಿಗೆ ಕಾಣುವ ಕಪ್ಪು ಎರಡಕ್ಕೂ ಒಂದೇ. ಮಲಗಿದಾಗ ಮಾತ್ರ ಅದರ ನಡುವಿನ ನಿಂಬೆಹಣ್ಣಿಗೇ ತಾಗಬೇಕು. ಅಂಚಿಗೆ ತಾಗಿದರೆ ಲೆಕ್ಕಕ್ಕಿಲ್ಲ.

"ಇಷ್ಟೇನಾ?" ಅಂದೆ. ಗೆಳತಿ ನಕ್ಕಳು, ಏನೂ ಹೇಳಲಿಲ್ಲ. ಜನವರಿಯಲ್ಲಿ ರೂಪೋಲ್ಡಿಂಗ್‌ಗೆ ಬರುವ ವರ್ಲ್ಡ್ ಕಪ್‌ಗೆ ಎರಡು ಟಿಕೆಟ್ ತೆಗೆದಳು.

ರೂಪೋಲ್ಡಿಂಗ್ ಮ್ಯೂನಿಕ್‌ನಿಂದ ದೂರ ಇಲ್ಲ. ಟ್ರೌನ್‌ಸ್ಟೈನ್‌ವರೆಗೆ ರೈಲು, ಅಲ್ಲಿಂದ ಒಂದು ಪುಟ್ಟ ರೈಲು, ಆಮೇಲೆ ಬಸ್ಸು. ಜನವರಿ ಮಧ್ಯದಲ್ಲಿ ಆ ಪುಟ್ಟ ರೈಲು ನಮ್ಮ ಜಾತ್ರೆ ಬಸ್ಸಿನ ಹಾಗಿರುತ್ತೆ. ಕೆನ್ನೆಗೆ ಬಾವುಟದ ಬಣ್ಣ ಬಳಿದವರು, ಹಸುವಿನ ಕೊರಳ ಗಂಟೆ ಹಿಡಿದವರು, ಫ್ಲಾಸ್ಕಿನಿಂದ ಬೆಳಿಗ್ಗೆ ಒಂಬತ್ತಕ್ಕೇ ಏನನ್ನೋ ಸುರಿದುಕೊಳ್ಳುವ ಅಜ್ಜಂದಿರು. ನಾನು ಮೂರು ಜೊತೆ ಸಾಕ್ಸ್ ಹಾಕಿದ್ದೆ. ಅದು ತಪ್ಪು. ಸಾಕ್ಸ್ ಜಾಸ್ತಿ ಆದರೆ ಶೂ ಬಿಗಿಯಾಗಿ ಕಾಲು ಇನ್ನೂ ಬೇಗ ಮರಗಟ್ಟುತ್ತೆ. ಅರ್ಧ ಗಂಟೆಯಲ್ಲಿ ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಪಕ್ಕದ ಅಜ್ಜಿ ಒಂದು ಹಳೇ ಪೇಪರ್ ಕೊಟ್ಟು, ಕಾಲಡಿ ಹಾಕಿಕೊಂಡು ನಿಲ್ಲು ಅಂದರು. ಆ ಚಳಿಗಾಲದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯೋಗದ ಸಲಹೆ ಅದೇ.

ರೇಸಿಗೆ ಒಂದು ಗಂಟೆ ಮೊದಲೇ ಹೋಗಬೇಕು ಅಂತ ಗೆಳತಿ ಹಟ ಹಿಡಿದಿದ್ದಳು. ಯಾಕೆ ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ರೇಸಿಗೆ ಮುಂಚೆ ಎಲ್ಲರೂ ಬಂದು ಬಂದೂಕಿನ ಗುರಿ ಸರಿ ಮಾಡಿಕೊಳ್ಳುತ್ತಾರೆ. ಹಿಂದೆ ಕೋಚ್‌ಗಳು ಸ್ಟ್ಯಾಂಡ್ ಮೇಲೆ ದೂರದರ್ಶಕ ಇಟ್ಟುಕೊಂಡು ಸಾಲಾಗಿ ನಿಂತಿರುತ್ತಾರೆ. ಒಂದೊಂದು ಗುಂಡು ಎಲ್ಲಿ ಬಿತ್ತು ನೋಡಿ, ಎಡಕ್ಕೆ ಎರಡು, ಮೇಲಕ್ಕೆ ಒಂದು ಅಂತ ಕೂಗುತ್ತಾರೆ. ಬಂದೂಕಿನ ಮೇಲೆ ಗುರಿ ನೋಡುವ ಸೈಟಿನ ತಿರುಪು ಅಷ್ಟು ಸಲ ಟಿಕ್ ಅನ್ನುತ್ತೆ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆಯುವ ಜಾಗದಲ್ಲಿ, ಪುಟ್ಟ ಪುಟ್ಟ ಬಾವುಟಗಳು ಗಾಳಿ ತೋರಿಸುತ್ತವೆ. ಈಗ ಸರಿ ಮಾಡಿಕೊಂಡದ್ದು ಒಂದು ಗಂಟೆ ಬಿಟ್ಟು ಗಾಳಿ ತಿರುಗಿದರೆ ಕೆಲಸಕ್ಕೆ ಬರಲ್ಲ. ಆಗ ಚಾಪೆಯ ಮೇಲೆ ಮಲಗಿಕೊಂಡೇ ತಿರುಪು ತಿರುಗಿಸಬೇಕು. ಇಲ್ಲಾ, ಗಾಳಿ ನಿಲ್ಲುವವರೆಗೆ ಕಾಯಬೇಕು. ಪಕ್ಕದವರು ಐದು ಹೊಡೆದು ಎದ್ದು ಹೋಗುತ್ತಿರುವಾಗ ಕಾಯೋದು ಸುಲಭ ಅಲ್ಲ.

ಅವತ್ತು ರಿಲೇ. ಒಂದು ತಂಡದಲ್ಲಿ ನಾಲ್ಕು ಜನ. ಒಬ್ಬೊಬ್ಬರು ಎರಡು ಸಲ ಶೂಟಿಂಗಿಗೆ ಬರುತ್ತಾರೆ, ಒಮ್ಮೆ ಮಲಗಿ, ಒಮ್ಮೆ ನಿಂತು. ಪ್ರತಿ ಸಲ ಐದು ಗುಂಡು. ಅದರಲ್ಲಿ ಯಾವುದಾದರೂ ತಪ್ಪಿದರೆ ಅಂತ ಮೂರು ಹೆಚ್ಚುವರಿ ಗುಂಡು ಇರುತ್ತೆ. ಅವನ್ನು ಮರಗಟ್ಟಿದ ಬೆರಳಲ್ಲಿ ಒಂದೊಂದಾಗಿ ಕೈಯಿಂದಲೇ ತುಂಬಬೇಕು. ಅದೂ ತಪ್ಪಿದರೆ 150 ಮೀಟರಿನ ದಂಡದ ಸುತ್ತು. ಉಳಿದ ಬಹಳಷ್ಟು ರೇಸ್‌ಗಳಲ್ಲಿ ಹೆಚ್ಚುವರಿ ಗುಂಡೂ ಇಲ್ಲ, ತಪ್ಪಿದ್ದಕ್ಕೆಲ್ಲ ನೇರ ಸುತ್ತು. ಸ್ಟೇಡಿಯಂ ಎದುರೇ ಇರುವ ಪುಟ್ಟ ವೃತ್ತ ಅದು. ತಪ್ಪು ಮಾಡಿದವರು ಎಲ್ಲರ ಕಣ್ಣೆದುರು ಸುತ್ತಬೇಕು. ಬೇರೆ ಆಟಗಳಲ್ಲಿ ದಂಡ ಕಾಗದದ ಮೇಲಿರುತ್ತೆ. ಇಲ್ಲಿ ಅದನ್ನು ಕಾಲಲ್ಲಿ ತೀರಿಸಬೇಕು. ನನಗೆ ಈ ಆಟದಲ್ಲಿ ಮೊದಲು ಇಷ್ಟ ಆದದ್ದು ಇದೇ.

ಇನ್ನು ಜನರ ಸದ್ದು. ಟಿ.ವಿ.ಯಲ್ಲಿ ಅದರ ಕಾಲು ಭಾಗವೂ ಬರಲ್ಲ. ಜರ್ಮನಿಯ ಹುಡುಗಿ ಚಾಪೆಗೆ ಬಂದಳು. ಎಲ್ಲ ನಿಶ್ಶಬ್ದ. ಟಪ್. "ಹೇಯ್!" ಅಂತ ಸಾವಿರಾರು ಜನ ಒಂದೇ ಉಸಿರಿಗೆ. ಟಪ್. "ಹೇಯ್!" ಟಪ್. "ಹೇಯ್!" ಗುಂಡಿಗೂ ಕೂಗಿಗೂ ಒಂದು ತಾಳ. ನಾಲ್ಕು ಆಯಿತು. ಐದನೆಯದಕ್ಕೆ ಅವಳು ಒಂದು ಉಸಿರು ಜಾಸ್ತಿ ತಗೊಂಡಳು. ನನ್ನ ಪಕ್ಕದ ಅಜ್ಜಿ ನನ್ನ ತೋಳು ಹಿಡಿದರು. ಟಪ್. "ಓ..." ಅಂತ ಇಡೀ ಸ್ಟೇಡಿಯಂ ಕುಸಿಯಿತು.

ಅವರು ರೇಂಜಿಗೆ ಬರುವಾಗ ನಾಡಿ ನಿಮಿಷಕ್ಕೆ 160, 170 ಇರುತ್ತಂತೆ. ಬೆನ್ನ ಮೇಲೆ ಮೂರೂವರೆ ಕಿಲೋಗೂ ಮೇಲ್ಪಟ್ಟ ಬಂದೂಕು. ಕೋಲು ಬಿಟ್ಟು, ಬಂದೂಕು ಇಳಿಸಿ, ಹಿಮ ನುಗ್ಗದಂತೆ ಸೈಟಿಗೆ ಮುಚ್ಚಿದ್ದ ಮುಚ್ಚಳ ಎತ್ತಿ, ಮಲಗಿ, ತೋಳಿನ ಪಟ್ಟಿ ಸಿಕ್ಕಿಸಿ, ಐದು ಹೊಡೆದು, ಎದ್ದು ಹೋಗೋದು. ಇದಿಷ್ಟೂ ಒಂದು ನಿಮಿಷದೊಳಗೆ. ಗುಂಡು ಬದಲಿಸಲು ಕೈ ಎತ್ತೋದೇ ಇಲ್ಲ. ತೋರು ಬೆರಳಲ್ಲಿ ಬೋಲ್ಟ್ ಎಳೆದು ಹೆಬ್ಬೆರಳಲ್ಲಿ ತಳ್ಳುತ್ತಾರೆ, ಕಣ್ಣು ಸೈಟಿನಲ್ಲೇ ಇರುತ್ತೆ. ಅಪ್ಪನ ಹಳೇ ಕೋವಿ ನೆನಪಾಗಿ ನಗು ಬಂತು.

ಆ ವಾರವೇ ರೂಪೋಲ್ಡಿಂಗ್‌ನಲ್ಲಿ ನಾರ್ವೆಯ ಯೊಹಾನೆಸ್ ಥಿಂಗ್ನೆಸ್ ಬೊ ಮತ್ತು ಅವರಣ್ಣ ತಾರ್ಯೈ ಬೊ, ಈ ಸೀಸನ್ ಮುಗಿದ ಮೇಲೆ ಆಟ ಬಿಡುತ್ತೇವೆ ಅಂತ ಘೋಷಿಸಿದರು. ಗೆಳತಿ ವಾಪಸ್ ಬರುವ ರೈಲಿನಲ್ಲಿ ಮಾತೇ ಆಡಲಿಲ್ಲ. ನಾರ್ವೆಯವರು ನಿಮ್ಮನ್ನೇ ಸೋಲಿಸೋದಲ್ವಾ ಅಂದೆ. "ಸಚಿನ್ ಬಿಟ್ಟಾಗ ಪಾಕಿಸ್ತಾನದವರು ಖುಷಿ ಪಟ್ಟರಾ?" ಅಂತ ಕೇಳಿದಳು. ಅವಳಿಗೆ ಸಚಿನ್ ಕಥೆ ಹೇಳಿದವಳೂ ನಾನೇ. ತೆಪ್ಪಗಾದೆ.

ಅಲ್ಲಿಂದ ವರ್ಲ್ಡ್ ಕಪ್ ಇಟಲಿಯ ಆಂಟ್‌ಹೋಲ್ಜ್‌ಗೆ ಹೋಯಿತು. ಆಫೀಸಿನ ಕೆಲಸದಿಂದ ನನಗೆ ಹೋಗಲಾಗಲಿಲ್ಲ. ಅದು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಟ್ರ್ಯಾಕಿನಲ್ಲಿ ಸ್ವಲ್ಪ ಜಾಸ್ತಿ ಜೋರು ಮಾಡಿದರೂ ರೇಂಜಿನಲ್ಲಿ ಉಸಿರು ಇಳಿಯೋದೇ ಇಲ್ಲ. ಟಿ.ವಿ.ಯಲ್ಲಿ ನೋಡುತ್ತಾ ನನಗೆ ಹುರುಪು ಬಂತು. ನಾನೂ ಒಂದು ಸಲ ಮಾಡಿ ನೋಡಬೇಕು.

ಪ್ರವಾಸಿಗರಿಗೆ ಅರ್ಧ ದಿನದ ಬಯಾಥ್ಲಾನ್ ಪಾಠ ಹೇಳಿಕೊಡುವವರು ಆ ಕಡೆ ಇದ್ದಾರೆ. ಫೆಬ್ರವರಿ ಮೊದಲ ವಾರ ಹೆಸರು ಕೊಟ್ಟೆ. ಬಾಡಿಗೆ ಅಂಗಡಿಯವರು ಒಂದು ಸೈಜ್ ದೊಡ್ಡ ಬೂಟು ಕೊಟ್ಟರು. ಚಳಿಯಲ್ಲಿ ಅದೇ ಒಳ್ಳೇದು ಅಂತ ನಂಬಿಸಿಯೂ ಬಿಟ್ಟರು. ಹಿಮ್ಮಡಿ ಒಳಗೆ ತೇಲುತ್ತಿತ್ತು. ಸ್ಕೀ ಒಂದು ಕಡೆ, ನಾನು ಒಂದು ಕಡೆ. ರೇಂಜ್ ಮುಟ್ಟುವ ಮೊದಲು ಐದು ಸಲ ಬಿದ್ದೆ.

ಆದರೆ ಮೊದಲ ಸರದಿ ಆರಾಮಾಗಿ ಮಲಗಿ ಹೊಡೆಯೋದು. ಓಟ ಇಲ್ಲ. ಅಪ್ಪ ಹೇಳಿಕೊಟ್ಟ ಹಾಗೆ ಉಸಿರು ಇಳಿಸಿದೆ. ಐದರಲ್ಲಿ ನಾಲ್ಕು ಬಿಳಿ. ಹೇಳಿಕೊಡುವವರು, ವಯಸ್ಸಾದವರು, ಹುಬ್ಬೇರಿಸಿದರು. ನಾನು ತಕ್ಷಣ ತೆಂಗಿನಕಾಯಿ ಕಥೆ ತೆಗೆದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, "ಚೆನ್ನಾಗಿದೆ. ಈಗ ಒಂದು ಸುತ್ತು ಹೋಗಿ ಬನ್ನಿ" ಅಂದರು.

ಬರೀ ನಾನೂರು ಮೀಟರ್ ಇದ್ದಿರಬೇಕು. ವಾಪಸ್ ಬಂದು ಚಾಪೆಗೆ ಬಿದ್ದೆ. ಸೈಟಿನ ಸಣ್ಣ ತೂತಿನಲ್ಲಿ ನೋಡಿದರೆ ಗುರಿ ನಿಂತಿಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ನನ್ನ ನಾಡಿ ಬಡಿದ ಹಾಗೇ ಅದೂ ಬಡಿಯುತ್ತಿತ್ತು. ತೋಳಿನ ಪಟ್ಟಿ ಬಿಗಿದ ಕಡೆಯಿಂದ ರಕ್ತದ ಬಡಿತ ನೇರ ಬಂದೂಕಿಗೇ ಹೋಗುತ್ತಿತ್ತು. ಕನ್ನಡಕದ ಮೇಲೆ ಮಂಜು. ಮೂಗು ಸೋರುತ್ತಿತ್ತು. ಸರಿ, ತಗ್ಗಲಿ ಅಂತ ಕಾದೆ. ಉಸಿರು ಬಿಗಿ ಹಿಡಿದೆ. ಹಿಡಿದಷ್ಟೂ ಎದೆ ಜೋರು ಬಡಿಯಿತು. ಕಣ್ಣು ಮಸುಕಾಯಿತು. ಹೊಡೆದೆ. ಕಪ್ಪು. ಮತ್ತೆ ಕಪ್ಪು. ಐದರಲ್ಲಿ ಒಂದು ತಾಗಿತು, ಅದೂ ನಾನು ಗುರಿ ಇಟ್ಟ ಚುಕ್ಕಿ ಅಲ್ಲ, ಪಕ್ಕದ್ದು.

ತಪ್ಪಿದ್ದು ನಾಲ್ಕು. ನಾಲ್ಕು ಸುತ್ತು. ಆಡುವವರು ಒಂದು ದಂಡದ ಸುತ್ತನ್ನು ಅರ್ಧ ನಿಮಿಷದೊಳಗೆ ಮುಗಿಸುತ್ತಾರೆ. ನನಗೆ ಮೊದಲನೆಯದಕ್ಕೇ ಎರಡು ನಿಮಿಷ ಹಿಡಿಯಿತು. ಮೂರನೆಯದಕ್ಕೆ ಅವರೇ ಸಾಕು ಅಂದರು.

ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ಹಾಗೇ ನೆನಪಿದೆ. "ಬಂದೂಕು ಅಲುಗದೆ ನಿಲ್ಲಲಿ ಅಂತ ಕಾಯ್ತಿದ್ದೀರಿ. ಅದು ನಿಲ್ಲಲ್ಲ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡಿ, ದಾರಿಯಲ್ಲಿ ಬಿಡಿ. ಇನ್ನೊಂದು, ನಿಮ್ಮ ಶೂಟಿಂಗ್ ಚಾಪೆ ಮೇಲೆ ಶುರು ಆಯ್ತು. ಅದು ಅಲ್ಲೋ, ಆ ಮರದ ಹತ್ತಿರ ಶುರು ಆಗಬೇಕಿತ್ತು." ರೇಂಜಿಗೆ ನೂರು ಮೀಟರ್ ಹಿಂದಿದ್ದ ಮರ ತೋರಿಸಿದರು. ಅಲ್ಲಿಂದಲೇ ಸ್ವಲ್ಪ ನಿಧಾನ ಮಾಡಬೇಕು, ಉಸಿರಿಗೆ ಲಯ ಹಿಡಿಸಬೇಕು. ಮಲಗಿದ ಮೇಲೆ ಎರಡು ಮೂರು ಆಳವಾದ ಉಸಿರು. ಬಿಡುವಾಗ ಅರ್ಧಕ್ಕೆ ನಿಲ್ಲಿಸಿ ಬೆರಳು ಒತ್ತು. ಇನ್ನೊಂದು ಉಸಿರು, ಇನ್ನೊಂದು ಗುಂಡು.

ಎರಡನೇ ಪ್ರಯತ್ನಕ್ಕೆ ಎರಡು ತಾಗಿತು. ನಿಂತು ಹೊಡೆಯೋದರ ಬಗ್ಗೆ ಬರೆಯಲ್ಲ. ಮೊಣಕಾಲು ಹೊಲಿಗೆ ಮಷಿನ್ನಿನ ಹಾಗೆ ನಡುಗುತ್ತಿತ್ತು. ಅಷ್ಟು ಸಾಕು.

ಅದಾಗಿ ಹತ್ತು ದಿನಕ್ಕೆ ಲೆಂಜರ್‌ಹೈಡೆಗೆ ಹೋದೆವು. ಸ್ವಿಟ್ಜರ್ಲೆಂಡಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಖೂರ್‌ವರೆಗೆ ರೈಲು, ಅಲ್ಲಿಂದ ಹಳದಿ ಬಸ್ಸು. ಒಂದು ಬ್ರೆಡ್ಡಿಗೂ ಒಂದು ಸಾಸೇಜಿಗೂ ಅಲ್ಲಿ ಎಷ್ಟು ಕೊಟ್ಟೆ ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಫೆಬ್ರವರಿ 16, ಭಾನುವಾರ. ಹೆಂಗಸರ ಪರ್ಸ್ಯೂಟ್. ಹೊಸಬರಿಗೆ ನೋಡಲು ಇದೇ ಸುಲಭದ ರೇಸ್. ಹಿಂದಿನ ಸ್ಪ್ರಿಂಟ್‌ನಲ್ಲಿ (ಅದು ಚಿಕ್ಕ ರೇಸ್) ಯಾರು ಎಷ್ಟು ಸೆಕೆಂಡ್ ಹಿಂದೆ ಇದ್ದರೋ ಅಷ್ಟೇ ತಡವಾಗಿ ಹೊರಡುತ್ತಾರೆ. ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ಗೆದ್ದರು. ಲೆಕ್ಕ ಹಾಕುವ ರಗಳೆ ಇಲ್ಲ.

ಎರಡನೆಯವಳಾಗಿ ಹೊರಟವಳು ಜರ್ಮನಿಯ ಫ್ರಾನ್ಸಿಸ್ಕಾ ಪ್ರಾಯ್ಸ್. (ನನಗಿಂತ ಒಂದು ವರ್ಷ ಚಿಕ್ಕವಳು, ಅದಕ್ಕೇ ಏಕವಚನ.) ಗೆಳತಿಗೆ ಇವಳ ಮೇಲೆ ಹತ್ತು ವರ್ಷದ ಪ್ರೀತಿ. 2014ರ ಸೋಚಿ ಒಲಿಂಪಿಕ್ಸ್‌ಗೆ ಹೋದಾಗ ಇವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ರಿಲೇಯ ಮೊದಲ ಓಟದಲ್ಲೇ ಬಿದ್ದಳು, ತಂಡದ ಪದಕ ಹೋಯಿತು. ಆಮೇಲೆ ಹೆಚ್ಚುಕಮ್ಮಿ ಪ್ರತಿ ಚಳಿಗಾಲ ಒಂದಲ್ಲ ಒಂದು ಕಾಯಿಲೆ. ನೆಗಡಿ, ಸೈನಸ್, ಜ್ವರ. ಚೆನ್ನಾಗಿ ಆಡುತ್ತಿರುವಾಗಲೇ ಮನೆಗೆ ವಾಪಸ್. 2024ರ ವಸಂತದಲ್ಲಿ ಸೈನಸ್ ಆಪರೇಷನ್ ಮಾಡಿಸಿಕೊಂಡಳು. ಮೂಗು ಕಟ್ಟಿದರೆ ಇಡೀ ವರ್ಷ ಹೋಗುವ ಆಟ ಇದು. ಹತ್ತು ದಿನ ಹಿಂದೆ ಮೂಗು ಸೋರಿಸಿಕೊಂಡು ಚಾಪೆ ಮೇಲೆ ಮಲಗಿದ್ದ ನನಗೆ ಇದು ಸ್ವಲ್ಪ ಅರ್ಥ ಆಯಿತು.

ನಾವು ರೇಂಜಿನ ಎದುರಿಗಿದ್ದೆವು. ಈ ಸಲ ನಾನು ಗುರಿ ನೋಡಲಿಲ್ಲ. ಅವರು ತಿರುವು ದಾಟಿ ರೇಂಜಿಗೆ ಇಳಿಯುವ ಕಡೆ ನೋಡಿದೆ. ಎಲ್ಲಿ ನಿಧಾನ ಮಾಡುತ್ತಾಳೆ? ಬಾಯಿ ತೆರೆದಿದೆಯಾ? ಕೈಗವಸು ಯಾವಾಗ ಸರಿ ಮಾಡಿಕೊಂಡಳು? ಬಾವುಟ ನೋಡಿದಳಾ? ಚಾಪೆಗೆ ಬರುವ ಮೊದಲೇ ಕೆಲವರ ಮುಖ ನೋಡಿ, ಇವಳು ಇವತ್ತು ತಪ್ಪುತ್ತಾಳೆ ಅಂತ ಅನಿಸುತ್ತಿತ್ತು. ಅರ್ಧಕ್ಕರ್ಧ ನನ್ನ ಊಹೆ ಸುಳ್ಳಾಯಿತು, ಆ ಮಾತು ಬೇರೆ. ಪ್ರಾಯ್ಸ್ ಮಾತ್ರ ಪ್ರತಿ ಸಲ ಮನೆಗೆ ಬಂದವಳ ಹಾಗೆ ಬಂದಳು. ಗೆರೆ ದಾಟಿದಾಗ ಮೊದಲು ಅವಳೇ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವಳೊಬ್ಬಳದೇ ಆದ ಮೊದಲ ಚಿನ್ನ. ಗೆಳತಿ ಅತ್ತಳು. ನಾನು ಅವಳ ಬಿಸಿ ವೈನಿನ ಲೋಟ ಹಿಡಿದುಕೊಂಡು ನಿಂತೆ.

ಅದೇ ದಿನ ಗಂಡಸರ ಪರ್ಸ್ಯೂಟ್ ಯೊಹಾನೆಸ್ ಬೊ ಗೆದ್ದರು. ಹಿಂದಿನ ದಿನ ಸ್ಪ್ರಿಂಟ್ ಗೆದ್ದಿದ್ದರು, ಆಮೇಲೆ ರಿಲೇ ಕೂಡ. ವಿಶ್ವ ಚಾಂಪಿಯನ್‌ಶಿಪ್ ಚಿನ್ನಗಳ ಲೆಕ್ಕ 23 ಆಯಿತು. ಅದುವರೆಗೆ ನಾರ್ವೆಯವರೇ ಆದ ಹಿಂದಿನ ಆಟಗಾರ ಬ್ಯೋರ್ನ್‌ಡಾಲೆನ್ ಅವರ 20ಕ್ಕೆ ಸಮ ಇದ್ದದ್ದು. ಬಿಡುವ ವರ್ಷವೇ ಹೀಗೆ. ಆದರೂ ಇಡೀ ಸೀಸನ್ನಿನ ಟ್ರೋಫಿಯಾದ ದೊಡ್ಡ ಗಾಜಿನ ಗೋಳ ಅವರಿಗೆ ಸಿಗಲಿಲ್ಲ. ಅವರದೇ ದೇಶದ ಸ್ಟುರ್ಲಾ ಹೋಲ್ಮ್ ಲೇಗ್ರೈಡ್‌ಗೆ ಹೋಯಿತು. ಒಂದು ದಿನದ ಗೆಲುವು ಬೇರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅಂಕ ಕೂಡಿಸೋದು ಬೇರೆ. ಒಂದು ರೇಸ್ ಗೆದ್ದರೆ 90 ಅಂಕ, ಎರಡನೆಯವರಿಗೆ 75. ಹಳದಿ ಬಿಬ್ (ನಂಬರ್ ಇರುವ ಮೇಲಂಗಿ) ಹಾಕಿದವರು ಒಟ್ಟು ಅಂಕದಲ್ಲಿ ಮುಂದಿರುವವರು. ಒಂದು ವಾರ ಜ್ವರ ಬಂದರೆ ಹಳದಿ ಇನ್ನೊಬ್ಬರ ಮೈಮೇಲೆ.

ಹೆಂಗಸರಲ್ಲಿ ಅದು ಕೊನೆಯ ರೇಸಿನ ಕೊನೆಯ ತಿರುವಿನವರೆಗೂ ಹೋಯಿತು. ಮಾರ್ಚ್ 23, ಓಸ್ಲೋದ ಹೋಲ್ಮೆನ್‌ಕೊಲೆನ್. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್. ಪ್ರಾಯ್ಸ್‌ಗೂ ಫ್ರಾನ್ಸಿನ ಲೂ ಜಾನ್‌ಮೊನೊಗೂ ಕೆಲವೇ ಅಂಕದ ವ್ಯತ್ಯಾಸ. ಗೆಳತಿಯ ಮನೆಯಲ್ಲಿ ಟಿ.ವಿ. ಎದುರು ಕೂತಿದ್ದೆವು. ಹೊರಗೆ ಬಿಸಿಲು, ಹಿಮ ಎಲ್ಲ ಕರಗಿತ್ತು. ಕೊನೆಯ ಸುತ್ತಿನಲ್ಲಿ ಇಬ್ಬರೇ, ಒಬ್ಬರ ಹಿಂದೆ ಒಬ್ಬರು. ಇಡೀ ಚಳಿಗಾಲದ ಲೆಕ್ಕ ಆ ಇಬ್ಬರ ನಡುವೆ ಒಂದು ಸ್ಕೀ ಉದ್ದಕ್ಕೆ ಬಂದು ನಿಂತಿತ್ತು. ಗೆರೆ ಕಾಣುತ್ತಿತ್ತು. ಜಾನ್‌ಮೊನೊ ಮುಂದೆ ಹೋಗಲು ನೋಡಿದಳು. ಸ್ಕೀಗೆ ಸ್ಕೀ ತಾಗಿತು. ಬಿದ್ದಳು.

ಪ್ರಾಯ್ಸ್ ರೇಸೂ ಗೆದ್ದಳು, ಗೋಳವೂ ಗೆದ್ದಳು. ನಾನು ಕೂಗಲು ಎದ್ದವಳು ಗೆಳತಿಯ ಮುಖ ನೋಡಿ ಹಾಗೇ ಕೂತೆ. ಹತ್ತು ವರ್ಷ ಕಾದದ್ದು ಕೈಗೆ ಬಂದಿತ್ತು. ಅವಳು ಮಾತ್ರ ಹಿಮದಲ್ಲಿ ಬಿದ್ದಿದ್ದ ಹುಡುಗಿಯನ್ನೇ ನೋಡುತ್ತಿದ್ದಳು. "ಛೇ, ಹೀಗೆ ಬೇಡಿತ್ತು" ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಫ್ರಿಜ್ಜಿನಲ್ಲಿಟ್ಟಿದ್ದ ಬಾಟಲಿ ತಂದಳು. ಕುಡಿದೆವು. ಸುಳ್ಳು ಯಾಕೆ ಹೇಳಲಿ.

ಪ್ರಾಯ್ಸ್‌ಗಿಂತ ಮುಂಚೆ ಆ ಗೋಳ ಗೆದ್ದ ಜರ್ಮನ್ ಹೆಣ್ಣುಮಗಳು ಲೌರಾ ಡಾಲ್‌ಮೈಯರ್, 2017ರಲ್ಲಿ. ನಾವು ನೋಡುತ್ತಿದ್ದ ಟಿ.ವಿ.ಯಲ್ಲಿ ರೇಸ್ ಬಿಡಿಸಿ ಹೇಳುತ್ತಿದ್ದವರಲ್ಲಿ ಅವರೂ ಒಬ್ಬರು. ನನಗೆ ಆಟದ ಅರ್ಧ ಗೊತ್ತಾದದ್ದು ಅವರಿಂದ. ಜುಲೈ ಕೊನೆಯಲ್ಲಿ ಗೆಳತಿಯ ಮೆಸೇಜ್ ಬಂತು. ಕಾರಕೋರಂನ ಲೈಲಾ ಶಿಖರದಲ್ಲಿ ಕಲ್ಲು ಉರುಳಿ ಡಾಲ್‌ಮೈಯರ್ ಹೋಗಿಬಿಟ್ಟರು. 31 ವರ್ಷ. ಅವತ್ತು ಇಬ್ಬರೂ ಆಫೀಸಿನಲ್ಲಿ ಏನೂ ಕೆಲಸ ಮಾಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್‌ಗೆ ಊರಿಗೆ ಬಂದೆ. ಮಳೆ ಒಂದು ಗಂಟೆ ಬಿಟ್ಟಿತ್ತು. ಊಟ ಆಯಿತು, ಮರಕ್ಕೆ ಕಾಯಿ ಕಟ್ಟಿದರು. ನನ್ನ ಸರದಿ ಬಂದಾಗ ಸುಮ್ಮನೆ ಇರಲಾರದೆ, ಕಾಫಿ ಕಣದ ಸುತ್ತ ಎರಡು ಸುತ್ತು ಓಡಿ ಬಂದೆ. ಕೋವಿ ತಗೊಂಡೆ. ಎರಡು ಉಸಿರು. ಹೊಡೆದೆ.

ಕಾಯಿ ಅಲುಗಲೂ ಇಲ್ಲ.

"ನಿನ್ನ ಉಸಿರು ಇಲ್ಲಿಗೆ ಕೇಳಿಸ್ತಿದೆ" ಅಂದರು ಅಪ್ಪ, ಕುರ್ಚಿಯಿಂದಲೇ. ಅತ್ತೆ, ಮಾವ ಎಲ್ಲ ನಕ್ಕರು. ನಾನು ದಂಡದ ಸುತ್ತು ಅಂತ ಹೇಳಿ ಮತ್ತೆ ಕಣದ ಸುತ್ತ ಓಡಿದೆ. ಮಕ್ಕಳಿಗೆ ಅಷ್ಟೇ ಸಾಕಾಯಿತು. ಅಲ್ಲಿಂದ ಮುಂದೆ ಯಾರು ತಪ್ಪಿದರೂ, "ಸುತ್ತು! ಸುತ್ತು!" ಅಂತ ಕೂಗಾಟ. ದೊಡ್ಡಪ್ಪನ ಮಗ ಓಡಿದ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಅರ್ಧ ಸುತ್ತು ಹೋಗಿ ಮಧ್ಯದಲ್ಲೇ ಮನೆಯೊಳಗೆ ನುಗ್ಗಿದರು.

ಅಪ್ಪ ಕೊನೆಗೆ ಎದ್ದರು. ನಿಂತರು. ಭುಜ ಇಳಿಯಿತು. ಎಲ್ಲ ಅವರು ಹೇಳಿಕೊಟ್ಟ ಹಾಗೇ. ಆದರೆ ಕಳೆದ ವರ್ಷವಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಗುಂಡು ಕಾಯಿ ಕಟ್ಟಿದ ಹಗ್ಗಕ್ಕಿಂತ ಒಂದು ಗೇಣು ಮೇಲೆ ಹೋಯಿತು.

ಮಕ್ಕಳು ಕೂಗಲಿಲ್ಲ. ತಾತನಿಗೆ ಹೇಳಬಹುದೋ ಬಾರದೋ ಅಂತ ನನ್ನ ಮುಖ ನೋಡಿದರು.

ಅಪ್ಪ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಕಣದ ಕಡೆ ಒಮ್ಮೆ ನೋಡಿದರು. "ಎಷ್ಟು ಮೀಟರ್ ಅಂದೆ?"

"ನೂರೈವತ್ತು."

ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು, ಒದ್ದೆ ಕಣದ ಮೇಲೆ ನಡೆಯತೊಡಗಿದರು. ಮಕ್ಕಳೆಲ್ಲ ಹಿಂದೆ ಹೊರಟರು.